ಪೀಡೆ ಎಂಬ ಹೆಸರು

ತೊಗರಿಬೇಳೆಯ ಬೆಲೆ ಏರಿತೆಂದು ಗೊಣಗುವ ನಮಗೆ, ಆ ಬೇಳೆ ಎಷ್ಟು ಬಾಯಿಗಳನ್ನು ತಪ್ಪಿಸಿಕೊಂಡು ನಮ್ಮ ಸಾರಿನ ಪಾತ್ರೆಗೆ ಬಂತೆಂಬ ಯೋಚನೆ ಸುಳಿಯುವುದಿಲ್ಲ. ಆಳಂದ ತಾಲ್ಲೂಕಿನ ಮಾದನಹಿಪ್ಪರಗಾ ತೊಗರಿಯ ಸೀಮೆ. ಅಂಥ ಎರೆಹೊಲದ ಬಯಲಿನಲ್ಲಿ ಬೆಳೆಗೆ ಹಕ್ಕುದಾರರು ಬಹಳ: ಕಾಯಿಕೊರಕ, ಚಿಗರಿ, ಕಾಡುಹಂದಿ. ಎಲ್ಲಕ್ಕೂ ‘ಪೀಡೆ’ ಎಂಬ ಒಂದೇ ಹೆಸರು. ಶಿಕ್ಷೆ ಮಾತ್ರ ಒಂದೇ ಅಲ್ಲ.

ಕಾಯಿಕೊರಕವನ್ನೇ ನೋಡಿ. ಪತಂಗ ಹೂಮೊಗ್ಗಿನ ಮೇಲೆ ಒಂದೊಂದಾಗಿ ಮೊಟ್ಟೆಯಿಡುತ್ತದೆ. ಹುಟ್ಟಿದ ಹುಳು ಬೆಳೆಯುತ್ತ ಕಾಯಿಗೆ ತೂತು ಕೊರೆದು, ಅರ್ಧ ಮೈ ಹೊರಗೇ ಬಿಟ್ಟು, ತಲೆಯನ್ನು ಒಳಗಿಟ್ಟು ಉಣ್ಣುತ್ತದೆ. ಕರೆಯದೆ ಪಂಕ್ತಿಗೆ ಬಂದವನ ಅವಸರ ಅದಕ್ಕೆ! 1997-98ರಲ್ಲಿ ಇದರ ಹಾವಳಿಗೆ ಅಂದಿನ ಗುಲ್ಬರ್ಗಾ ಜಿಲ್ಲೆಯ ತೊಗರಿ ನೆಲಕಚ್ಚಿತು. ರೈತ ಸಾಲ ತಂದು ಔಷಧ ಹೊಡೆದ. ಹುಳು ಔಷಧಕ್ಕೆ ಒಗ್ಗಿಹೋಗಿತ್ತು. ಆ ವರ್ಷ ಪ್ರಾಣ ಕಳೆದುಕೊಂಡ ರೈತರುಂಟು. ಆಮೇಲೆ ಕೈಹಿಡಿದದ್ದು ಹಳೆಯ ಉಪಾಯ: ಗಿಡದ ಕೆಳಗೆ ಹಾಳೆ ಹಿಡಿದು, ಗಿಡವನ್ನು ಮೆಲ್ಲಗೆ ಅಲುಗಿಸಿ, ಉದುರಿದ ಹುಳುಗಳನ್ನು ಕೂಡಿಸಿ ಕೊಲ್ಲುವುದು.

ಇದು ಅಹಿಂಸೆಯಲ್ಲ, ನಿಜ. ಆದರೆ ಔಷಧ ಸಿಂಪಡಿಸುವವನಿಗೆ ತಾನು ಕೊಂದದ್ದು ಯಾವುದೆಂದು ತಿಳಿಯದು. ಹುಳುವಿನ ಜೊತೆಗೆ ಹೂವಿಗೆ ಬಂದ ಜೇನೂ ಸಾಯುತ್ತದೆ. ಅಲುಗಿಸುವವನ ಕಣ್ಣೆದುರಿಗೇ ಅವನ ಲೆಕ್ಕ ಬಿದ್ದಿರುತ್ತದೆ. ಕಂಡು ಕೊಲ್ಲುವವನು ಕಾಣದೆ ಕೊಲ್ಲುವವನಿಗಿಂತ ಕ್ರೂರಿಯೆಂದು ನಾವು ಭಾವಿಸುತ್ತೇವೆ. ನನಗೇನೋ ಅವನೇ ಹೆಚ್ಚು ಪ್ರಾಮಾಣಿಕನೆಂದು ತೋರುತ್ತದೆ. ಎಷ್ಟು ಸಾಕೆಂಬುದು ಅವನಿಗೆ ಗೊತ್ತಾಗುತ್ತದೆ.

ಚಿಗರಿಯ ಮಾತು ಬೇರೆ. 1972ರ ವನ್ಯಜೀವಿ ಕಾಯಿದೆ ಅದಕ್ಕೆ ಮೊದಲ ಪಟ್ಟಿಯಲ್ಲಿಯೇ ರಕ್ಷಣೆ ಕೊಟ್ಟಿದೆ, ಹೊಡೆದವನಿಗೆ ಸೆರೆಮನೆ. ಹುಳುವಿಗೆ ವಕೀಲರಿಲ್ಲ! ಚೆಲುವಾದ ಕಣ್ಣು ಇಲ್ಲದ್ದೇ ಅದರ ಅಪರಾಧವೇ ಎಂದು ಕೇಳಬಹುದು. ಅಷ್ಟೇ ಅಲ್ಲ, ಹುಳುವಿನ ಸಂತತಿ ಮುಗಿಯುವ ಭಯವಿಲ್ಲ, ಚಿಗರಿ ಹೋದರೆ ಮತ್ತೆ ಬಾರದು. ಆದ್ದರಿಂದ ಕಾಯಿದೆ ಸರಿಯೆಂದೇ ನನ್ನ ಮತ. ಆದರೆ ಚಿಗರಿ ಉಳಿಯಲೆಂಬ ಆಸೆ ಪಟ್ಟಣದ ನಮ್ಮದು. ಅದನ್ನು ಮೇಯಿಸುವ ಹೊಲ ಇನ್ನೊಬ್ಬನದು. ಪರರ ಕಣಜದಿಂದ ದಾನ ಮಾಡಿ ಪುಣ್ಯವನ್ನು ನಾವು ಕಟ್ಟಿಕೊಳ್ಳುವುದು ಯಾವ ನ್ಯಾಯ? ಮೇದ ಬೆಳೆಗೆ ಅರಣ್ಯ ಇಲಾಖೆಯ ಪರಿಹಾರವುಂಟು. ನಿದ್ದೆಗೆಟ್ಟು ಹೊಲ ಕಾದ ರಾತ್ರಿಗಳಿಗೆ ಏನೂ ಇಲ್ಲ.

2019ರಲ್ಲಿ ಗುಲ್ಬರ್ಗಾ ತೊಗರಿಬೇಳೆಗೆ ಭೌಗೋಳಿಕ ಸೂಚಕದ ಗೌರವ ಬಂದಿದೆ. ಆ ಹೆಸರಿಗೆ ನಾಲ್ಕು ಕಾಸು ಹೆಚ್ಚು ಕೊಡುವವರು, ಅದರಲ್ಲೊಂದು ಕಾಸು ಚಿಗರಿಯ ಮೇವಿನ ಲೆಕ್ಕಕ್ಕೆ ಎಂದರೆ ಒಪ್ಪಿಯಾರೇ? ಮನೆಯಲ್ಲಿ ಈ ಮಾತೆತ್ತಿದೆ. “ಮೊದಲು ಬೇಳೆ ತನ್ನಿ, ಡಬ್ಬಿ ಬರಿದಾಗಿದೆ” ಎಂದಳು ನನ್ನಾಕೆ.