ಕ್ಷಮೆ ಯಾರದು?

ಅಧಿಕಾರ ಎಂಬ ಮಾತು ಬಂದಾಗಲೆಲ್ಲ ನನಗೆ ನೆನಪಾಗುವವನು ರಾಜನಲ್ಲ, ಮಂತ್ರಿಯಲ್ಲ, ನೀರು ಬಿಡುವವ. ನಮ್ಮೂರು ಅಮ್ಮಿನಬಾವಿ. ಮಲಪ್ರಭೆಯ ನೀರು ಸವದತ್ತಿಯ ಕಡೆಯಿಂದ ನಮ್ಮೂರಿಗೆ ಬಂದು, ಇಲ್ಲಿಯ ಘಟಕದಲ್ಲಿ ತಿಳಿಯಾಗಿ, ಹುಬ್ಬಳ್ಳಿ-ಧಾರವಾಡದ ನಳಗಳಿಗೆ ಹೋಗುತ್ತದೆ. ಮಾಸ್ತರಿಕೆಯ ಕಾಲದಲ್ಲಿ ನಾನು ಧಾರವಾಡದಲ್ಲಿ ಬಾಡಿಗೆಯ ಮನೆಯಲ್ಲಿದ್ದೆ. ನಮ್ಮೂರ ಮೇಲೆ ಹಾಯ್ದು ಬಂದ ಆ ನೀರಿಗಾಗಿ ಅಲ್ಲಿ ನಾನು ದಿನಗಟ್ಟಲೆ ಕಾಯುತ್ತಿದ್ದೆ. ಉದ್ದನ್ನ ಕಬ್ಬಿಣದ ಚಾವಿಯನ್ನು ಹೆಗಲ ಮೇಲಿಟ್ಟುಕೊಂಡು ಆ ಮನುಷ್ಯ ಬಂದನೆಂದರೆ ಓಣಿಗೆ ಓಣಿಯೇ ಎಚ್ಚರಾಗುತ್ತಿತ್ತು. ಅವನು ಚಾವಿ ತಿರುವಿದರೆ ನೀರು, ತಿರುವದಿದ್ದರೆ ಇಲ್ಲ. ಆದರೆ ಒಂದು ಮಾತು: ಅವನಿಗೊಂದು ಮುಖವಿತ್ತು. ನೀರು ಬಾರದ ದಿನ ಹೆಂಗಸರು ಅವನನ್ನು ಅಡ್ಡಗಟ್ಟಿ ಬೈಯುತ್ತಿದ್ದರು. ಬಂದ ದಿನ ಚಹಾ ಕೊಡುತ್ತಿದ್ದರು. ಅವನೂ ಅದೇ ಓಣಿಯಲ್ಲಿ ಮರುದಿನ ನಡೆಯಬೇಕಾಗಿತ್ತು.

ಈ ಮಾತನ್ನು ನಾನು ಮತ್ತೆ ನೆನೆಯುವಂತೆ ಮಾಡಿದ್ದು ನಮ್ಮ ಮನೆಯ ಮೇಲಿನ ಖೋಲಿಯಲ್ಲಿರುವ ಒಂದು ಹಳೆಯ ಕಂಪ್ಯೂಟರು.

ನನ್ನ ಮೊಮ್ಮಗ ಧಾರವಾಡದಲ್ಲಿ ಓದುತ್ತಾನೆ. ಅವನೂ ಅವನ ಗೆಳೆಯರೂ ‘ಮೈನ್‌ಕ್ರಾಫ್ಟ್’ ಎಂಬ ಆಟ ಆಡುತ್ತಾರೆ. ಸ್ವೀಡನ್ನಿನ ಮೊಜಾಂಗ್ ಎಂಬ ಸಂಸ್ಥೆ 2011ರಲ್ಲಿ ಪೂರ್ಣರೂಪದಲ್ಲಿ ಹೊರತಂದ ಆಟ ಇದು. 2014ರಲ್ಲಿ ಮೈಕ್ರೋಸಾಫ್ಟ್ ಆ ಸಂಸ್ಥೆಯನ್ನೇ ಕೊಂಡಿತು. ಗೆಲ್ಲುವುದು, ಸೋಲುವುದು ಇದರಲ್ಲಿ ದೊಡ್ಡದಲ್ಲ. ಮಣ್ಣು, ಕಲ್ಲು, ಕಟ್ಟಿಗೆಗಳ ಚೌಕ ತುಂಡುಗಳನ್ನು ಅಗೆದು, ಒಟ್ಟಿ, ಮನೆ ಕಟ್ಟುವುದು, ಊರು ಕಟ್ಟುವುದು. ಹಲವರು ಕೂಡಿ ಒಂದೇ ಲೋಕದಲ್ಲಿ ಕಟ್ಟಬೇಕಾದರೆ ಆ ಲೋಕವನ್ನು ಎಲ್ಲಿಯೋ ಒಂದು ಯಂತ್ರ ಹಗಲಿರುಳು ಹೊತ್ತು ನಿಂತಿರಬೇಕಾಗುತ್ತದೆ. ಅದಕ್ಕೆ ಸರ್ವರ್ ಎಂದು ಹೆಸರು. ಹುಡುಗರ ಲೋಕವನ್ನು ಹೊತ್ತದ್ದು ನಮ್ಮ ಮೇಲಿನ ಖೋಲಿಯ ಯಂತ್ರ.

ಆಡುವವರಿಗೆ ಕಾಣುವುದು ಬೆಟ್ಟ, ಹೊಳೆ, ಸೂರ್ಯೋದಯ. ಸರ್ವರ್ ನಡೆಸುವವನಿಗೆ ಕಾಣುವುದು ಬರಿಯ ಕರಿಯ ಪರದೆ. ಅದರ ಮೇಲೆ ಬಿಳಿಯ ಅಕ್ಷರಗಳ ಸಾಲು. ಯಾರು ಬಂದರು, ಯಾರು ಹೋದರು, ಯಾರು ಏನು ಮಾತಾಡಿದರು, ಎಲ್ಲವೂ ಅಲ್ಲಿ ಒಂದರ ಕೆಳಗೊಂದು ಇಳಿದು ಬರುತ್ತವೆ. ಅವನು ಅಲ್ಲಿ ಒಂದು ಶಬ್ದ ಬರೆದು ಎಂಟರ್ ಒತ್ತಿದರೆ ಆ ಲೋಕದಲ್ಲಿ ಅದು ಆಗಿಹೋಗುತ್ತದೆ. ಆಟದೊಳಗಿನವರಿಗೆ ಕೊಡುವ ಅಧಿಕಾರಕ್ಕೆ ಒಂದರಿಂದ ನಾಲ್ಕರವರೆಗೆ ಮೆಟ್ಟಿಲುಗಳಿವೆ. ಕರಿಯ ಪರದೆಯ ಮುಂದೆ ಕುಳಿತವನೋ ಕುಳಿತಾಗಲೇ ಮೇಲಿನ ಮೆಟ್ಟಿಲಿನವ.

ಹೋದ ವರ್ಷ ಮೊಮ್ಮಗ ಪರೀಕ್ಷೆಯೊಂದಕ್ಕಾಗಿ ನಾಲ್ಕು ದಿನ ಬೆಂಗಳೂರಿಗೆ ಹೊರಟ. ಹೋಗುವಾಗ ನನ್ನನ್ನು ಕಾವಲಿಗೆ ಇಟ್ಟ. “ಅಜ್ಜಾ, ಕರೆಂಟ್ ಹೋತಂದ್ರ ಇಲ್ಲೆ ‘ಸ್ಟಾಪ್’ ಅಂತ ಹೊಡದು ಎಂಟರ್ ಒತ್ತು. ಬ್ಯಾಟರಿ ಹದಿನೈದು ನಿಮಿಷ ತಡೀತೈತಿ. ಬಂದ ಮ್ಯಾಲೆ ಈ ಸಾಲು ಹೊಡದು ಚಾಲೂ ಮಾಡು. ಬ್ಯಾರೇದೇನೂ ಮುಟ್ಟಬ್ಯಾಡ” ಎಂದ. ಅವನು ತನ್ನ ನೆನಪಿಗೆಂದು ಬರೆದುಕೊಂಡಿದ್ದ ಆಜ್ಞೆಗಳ ಪಟ್ಟಿ ಗೋಡೆಗೆ ಅಂಟಿತ್ತು. ‘ಕಿಕ್’ ಎಂದರೆ ಹೊರಗೆ ದಬ್ಬುವುದು. ದಬ್ಬಿಸಿಕೊಂಡವನು ಮತ್ತೆ ಬರಬಹುದು. ‘ಬ್ಯಾನ್’ ಎಂದರೆ ಬಹಿಷ್ಕಾರ. ‘ಪಾರ್ಡನ್’ ಎಂದರೆ ಕ್ಷಮೆ.

ಎರಡನೆಯ ದಿನ ಮಧ್ಯಾಹ್ನ ಕರೆಂಟು ಹೋಯಿತು. ನಾನು ಹೇಳಿದಂತೆಯೇ ಮಾಡಿ, ಕೆಳಗಿಳಿದು ಅಡ್ಡಾದೆ. ಎದ್ದಾಗ ಕರೆಂಟು ಬಂದು ಎಷ್ಟು ಹೊತ್ತಾಗಿತ್ತೋ! ಲಗುಬಗೆಯಿಂದ ಮೇಲೆ ಹೋಗಿ ಚಾಲೂ ಮಾಡಿದೆ. ಹುಡುಗರು ಒಬ್ಬೊಬ್ಬರಾಗಿ ಬಂದರು. ಅವರಲ್ಲಿ ಹುಬ್ಬಳ್ಳಿಯವನೊಬ್ಬ ಇಂಗ್ಲಿಷ್ ಅಕ್ಷರಗಳಲ್ಲಿ ನಮ್ಮ ಮಾತನ್ನೇ ಬರೆದ: “ಮುದುಕ ಮಲಗಿದ್ದ ಕಾಣ್ತೈತಿ.” ಮಾತು ನಿಜ. ನಿಜವಾದ್ದರಿಂದಲೇ ಚುಚ್ಚಿತೋ ಏನೋ. ನಾನು ಗೋಡೆಯ ಪಟ್ಟಿ ನೋಡಿದೆ. ‘ಬ್ಯಾನ್’ ಎಂದು ಬರೆದು, ಮುಂದೆ ಅವನ ಹೆಸರು ಬರೆದು, ಎಂಟರ್ ಒತ್ತಿದೆ.

ಅಷ್ಟೇ. ಸದ್ದಿಲ್ಲ, ಗದ್ದಲವಿಲ್ಲ. ಪರದೆಯ ಮೇಲೆ ಒಂದೆರಡು ಸಾಲು ಮೂಡಿದವು. ಉಳಿದ ಹುಡುಗರಿಗೆ ಕಂಡದ್ದು ಒಂದೇ ಸಾಲು: ಇಂಥವನು ಆಟ ಬಿಟ್ಟು ಹೋದ. ಹೊರಹಾಕಿದರೂ ಆ ಯಂತ್ರ ಹೇಳುವುದು ಹಾಗೆಯೇ. ನಾನು ಕೆಳಗೆ ಬಂದು ಸಂಜೆಯ ಚಹಾ ಕುಡಿದೆ. ನಾಚಿಕೆಯಿಂದ ಹೇಳುತ್ತೇನೆ, ಚಹಾ ರುಚಿಯಾಗಿಯೇ ಇತ್ತು.

ಮೊಮ್ಮಗ ಮರಳಿ ಬಂದು ಕಡತ ತೆರೆದ. ಬಹಿಷ್ಕಾರಕ್ಕೆಂದೇ ಅಲ್ಲಿ ಒಂದು ಕಡತವಿದೆ. ಅದರಲ್ಲಿ ಹೊರಹಾಕಿಸಿಕೊಂಡವನ ಹೆಸರು, ಹೊತ್ತು, ಹೊರಹಾಕಿದವರು, ಅವಧಿ, ಕಾರಣ ಹೀಗೆ ಬೇರೆ ಬೇರೆ ಕಲಮುಗಳು. ಅವನು ಓದಿ ಹೇಳಿದ. ಹೊರಹಾಕಿದವರು: ‘ಸರ್ವರ್’. ಅವಧಿ: ಶಾಶ್ವತ. ಕಾರಣ: ಮೇಲ್ವಿಚಾರಕರು ಬಹಿಷ್ಕರಿಸಿದ್ದಾರೆ. “ಇದನ್ನ ಯಾರ ಮಾಡ್ಯಾರ ಅಜ್ಜಾ?” ಎಂದ. ನಾನು ಸುಮ್ಮನೆ ಕುಳಿತೆ. ಮನೆಯಲ್ಲಿ ಇದ್ದವರು ಯಾರೆಂಬುದು ಅವನಿಗೂ ಗೊತ್ತಿತ್ತು.

ವಾಚಕರು ಆ ಮೂರು ಕಲಮುಗಳನ್ನು ಇನ್ನೊಮ್ಮೆ ನೋಡಬೇಕು. ನಾನು ಸಿಟ್ಟಿನ ಭರದಲ್ಲಿ ಎರಡೇ ಶಬ್ದ ಬರೆದಿದ್ದೆ. ಶಾಶ್ವತ ಎಂದು ನಾನು ಬರೆದಿರಲಿಲ್ಲ; ಯಂತ್ರವೇ ಹಾಗೆ ತುಂಬಿಕೊಂಡಿತು. ಕಾರಣವನ್ನು ನಾನು ಕೊಟ್ಟಿರಲಿಲ್ಲ. ಅದು ತಾನೇ ಒಂದು ಕಾರಣ ಬರೆಯಿತು. ಬಹಿಷ್ಕಾರಕ್ಕೆ ಬಹಿಷ್ಕಾರವೇ ಕಾರಣವಂತೆ! ಇನ್ನು ಮಾಡಿದವನ ಹೆಸರು. ಆಟದೊಳಗೆ ಆಟಗಾರನಾಗಿ ಹೊಕ್ಕು ಇದೇ ಕೆಲಸ ಮಾಡಿದ್ದರೆ ನನ್ನ ಹೆಸರು ಬೀಳುತ್ತಿತ್ತು. ಹೊರಗೆ ಕರಿಯ ಪರದೆಯ ಮುಂದೆ ಕುಳಿತು ಮಾಡಿದ್ದರಿಂದ ಮಾಡಿದವನು ‘ಸರ್ವರ್’ ಆದ. ಅಪ್ಪಣೆಯ ಮೇರೆಗೆ ಎಂದು ಮುಗಿಯುವ, ಯಾರ ಅಪ್ಪಣೆ ಎಂಬುದನ್ನು ಹೇಳದ ಕಾಗದಗಳನ್ನು ನಾವೆಲ್ಲರೂ ಕಂಡಿದ್ದೇವೆ. ನನ್ನದೂ ಅಂಥದೊಂದು ಕಾಗದವಾಗಿತ್ತು.

ಪ್ಲೇಟೋ ತನ್ನ ‘ರಿಪಬ್ಲಿಕ್’ ಗ್ರಂಥದ ಎರಡನೆಯ ಭಾಗದಲ್ಲಿ ಗ್ಲಾಕನ್ ಎಂಬವನ ಬಾಯಿಂದ ಒಂದು ಉಂಗುರದ ಕಥೆ ಹೇಳಿಸುತ್ತಾನೆ. ಲಿಡಿಯಾ ದೇಶದ ಕುರಿಗಾಹಿಯೊಬ್ಬನಿಗೆ ಆ ಉಂಗುರ ಸಿಕ್ಕಿತು. ಅದರ ಹರಳನ್ನು ಅಂಗೈಯ ಕಡೆಗೆ ತಿರುವಿದರೆ ಅವನು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅದರ ಬಲದಿಂದ ಅವನು ಅರಸನನ್ನು ಕೊಂದು ರಾಜ್ಯವನ್ನೇ ಕಟ್ಟಿಕೊಂಡ. ಯಾರೂ ನೋಡದಿದ್ದರೆ ನ್ಯಾಯವಂತನೂ ಅನ್ಯಾಯಗಾರನೂ ಒಂದೇ ಹಾದಿ ಹಿಡಿಯುವುದಿಲ್ಲವೇ ಎಂಬುದು ಗ್ಲಾಕನ್ನನ ಪ್ರಶ್ನೆ. ಈ ಕಥೆಯನ್ನು ನಾನು ಎಷ್ಟೋ ಸಲ ಓದಿದ್ದೇನೆ. ಪ್ರತಿಸಲವೂ ಅದು ಬೇರೆಯವರ ಕಥೆ ಎಂದೇ ಅನಿಸಿತ್ತು. ಆ ಕುರಿಗಾಹಿಗೆ ಕಡೆಗೂ ತಾನು ಮಾಡಿದ್ದೇನೆಂಬುದು ಗೊತ್ತಿತ್ತು. ನಾನೋ, ನಾನೇ ಮಾಡಿದೆನೆಂಬುದನ್ನೂ ಅರ್ಧ ಮರೆತು ಚಹಾ ಕುಡಿದೆ.

ಹಾಗಾದರೆ ಇಂಥ ಅಧಿಕಾರವೇ ಬೇಡ ಎನ್ನೋಣವೆ? ಮೊಮ್ಮಗ ಒಪ್ಪಲಿಲ್ಲ. ಹಿಂದೊಮ್ಮೆ ಹುಡುಗರು ತಿಂಗಳುಗಟ್ಟಲೆ ಕೂತು ಕಟ್ಟಿದ ಪುಸ್ತಕಾಲಯವನ್ನು ಯಾರೋ ಅಪರಿಚಿತ ಒಳಹೊಕ್ಕು ಒಂದೇ ರಾತ್ರಿಯಲ್ಲಿ ಸುಟ್ಟಿದ್ದನಂತೆ. “ಬಾಗಿಲಕ್ಕ ಅಗಳಿ ಬ್ಯಾಡೇನು ಅಜ್ಜಾ?” ಎಂದ. ಬೇಕು. ಚಾವಿಯನ್ನು ಯಾರಾದರೊಬ್ಬರು ಹಿಡಿಯಲೇಬೇಕು.

ಚಾವಿ ಕೆಳಗಿಟ್ಟು ನೋಡಿದವರೂ ಇದ್ದಾರೆ. ‘ಲ್ಯಾಂಬ್ಡಾಮೂ’ ಎಂಬ ಬರಿಯ ಮಾತುಗಳ ಲೋಕವೊಂದನ್ನು ಪಾವೆಲ್ ಕರ್ಟಿಸ್ ಎಂಬವರು ಅಮೆರಿಕದ ಪಾಲೋ ಆಲ್ಟೋದಲ್ಲಿದ್ದ ಝೆರಾಕ್ಸ್ ಸಂಶೋಧನಾ ಕೇಂದ್ರದ ಯಂತ್ರವೊಂದರಲ್ಲಿ 1990ರಲ್ಲಿ ತೆರೆದರು. ಚಿತ್ರವಿಲ್ಲ, ಬಣ್ಣವಿಲ್ಲ, ಬರೆದದ್ದೇ ಮನೆ, ಬರೆದದ್ದೇ ಮನುಷ್ಯ. ಅದರ ಮೇಲ್ವಿಚಾರಕರಿಗೆ ಮಾಂತ್ರಿಕರು ಎಂದು ಹೆಸರು. ಜಗಳ ಬಿಡಿಸಿ ಬಿಡಿಸಿ ಬೇಸತ್ತ ಅವರು 1992ರ ಕೊನೆಗೆ ಒಂದು ಪ್ರಕಟಣೆ ಹೊರಡಿಸಿದರು: ಇನ್ನು ಮುಂದೆ ನಾವು ಯಂತ್ರವನ್ನಷ್ಟೇ ನೋಡಿಕೊಳ್ಳುತ್ತೇವೆ, ನಿಮ್ಮ ನ್ಯಾಯ ನಿಮಗೆ. ಕೆಲವೇ ತಿಂಗಳಲ್ಲಿ, 1993ರಲ್ಲಿ, ಅಲ್ಲಿಯ ಒಬ್ಬನು ಕೆಲವರ ಮೇಲೆ ಅತ್ಯಂತ ನೀಚವಾದ ಮಾತಿನ ಹಿಂಸೆ ನಡೆಸಿದ. ನಿವಾಸಿಗಳು ಸಭೆ ಸೇರಿದರು, ವಾದಿಸಿದರು, ನಿರ್ಣಯವಾಗಲಿಲ್ಲ. ಕಡೆಗೆ ಮಾಂತ್ರಿಕನೊಬ್ಬ ತಾನೊಬ್ಬನೇ ಆಲೋಚಿಸಿ ಆ ಮನುಷ್ಯನನ್ನು ಲೋಕದಿಂದ ಅಳಿಸಿಹಾಕಿದ. ಆಮೇಲೆ ಅರ್ಜಿ, ಮತದಾನಗಳ ಏರ್ಪಾಡಾಯಿತು. ಅದೂ ಸಾಲಲಿಲ್ಲ. ಯಂತ್ರದ ಕೆಲಸವನ್ನೂ ನ್ಯಾಯದ ಕೆಲಸವನ್ನೂ ಬೇರ್ಪಡಿಸುವುದು ಆಗದ ಮಾತು ಎಂದು ಮಾಂತ್ರಿಕರೇ 1996ರಲ್ಲಿ ಒಪ್ಪಿಕೊಂಡರು. ನೀರು ಬಿಡುವವ ತಾನು ಚಾವಿಯನ್ನಷ್ಟೇ ತಿರುವುತ್ತೇನೆ ಎಂದರೆ ಓಣಿ ನಂಬೀತೆ?

ಚಾವಿ ಬಿಡಲಾಗದು ಎಂದ ಮೇಲೆ ಉಳಿದ ಪ್ರಶ್ನೆ, ಅದನ್ನು ಹಿಡಿಯುವುದು ಹೇಗೆ ಎಂಬುದು. ನಾನು ಶಾಲೆಯಲ್ಲಿ ಎಷ್ಟೋ ಹುಡುಗರನ್ನು ಬಾಗಿಲ ಹೊರಗೆ ನಿಲ್ಲಿಸಿದ್ದೇನೆ. ಎಲ್ಲವೂ ನ್ಯಾಯವಾಗಿತ್ತೆಂದು ಹೇಳಲಾರೆ. ಆದರೆ ಹೊರಗೆ ನಿಂತವನು ಕಿಟಕಿಯೊಳಗಿಂದ ನನ್ನ ಮುಖ ನೋಡುತ್ತಿದ್ದ. ನಾನೂ ಅವನ ಮುಖ ನೋಡಬೇಕಾಗುತ್ತಿತ್ತು. ಹತ್ತು ನಿಮಿಷಕ್ಕೇ ನನ್ನ ಸಿಟ್ಟು ಇಳಿದು “ಬಾರೋ ಒಳಗ” ಎನ್ನುತ್ತಿದ್ದೆ. ಆಗ ನನ್ನನ್ನು ತಡೆದದ್ದು ಧರ್ಮಬುದ್ಧಿ ಎಂದು ತಿಳಿದಿದ್ದೆ. ಬಹುಶಃ ಅದು ಆ ಹುಡುಗನ ಮುಖ.

ಮೊಮ್ಮಗ ಮಾತಾಡದೆ ‘ಪಾರ್ಡನ್’ ಎಂದು ಬರೆದು ಆ ಹುಡುಗನ ಹೆಸರು ಹೊಡೆದ. ಎರಡು ಶಬ್ದಗಳಲ್ಲಿ ಬಹಿಷ್ಕಾರ ತೆಗೆದುಹೋಯಿತು. ನನಗೆ ಮಾತ್ರ ಆ ಶಬ್ದ ಗಂಟಲಲ್ಲಿ ಸಿಕ್ಕಿತು. ಕ್ಷಮೆ! ಯಾರು ಯಾರನ್ನು ಕ್ಷಮಿಸಿದ್ದು? ತಪ್ಪು ಮಾಡಿದವನು ನಾನು, ಕ್ಷಮೆಗೆ ಪಾತ್ರನಾದವನು ಅವನು. ಅಧಿಕಾರದ ಭಾಷೆಯಲ್ಲಿ ತಿದ್ದುಪಡಿ ಕೂಡ ಮೇಲಿನವನ ಔದಾರ್ಯವಾಗಿಯೇ ಇಳಿಯುತ್ತದೆ. ಕೆಳಗಿನವನಿಂದ ಕ್ಷಮೆ ಬೇಡುವುದಕ್ಕೆ ಆ ಪಟ್ಟಿಯಲ್ಲಿ ಆಜ್ಞೆಯೇ ಇಲ್ಲ.

“ಅವನಿಗೆ ಫೋನ್ ಹಚ್ಚು” ಎಂದೆ. ಹಚ್ಚಿದ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹುಡುಗ ಅಂದ: “ಇರ್ಲಿ ಬಿಡ್ರಿ ಅಜ್ಜಾರ. ನಾ ಏನ ತಪ್ಪ ಮಾಡೇನಿ ಅಂತ ಬಾಳ ವಿಚಾರ ಮಾಡಿದೆರಿ. ಎಲ್ಲಾರೂ ಕೂಡಿ ನನ್ನ ಹೊರಗ ಹಾಕ್ಯಾರ ಅನ್ಕೊಂಡಿದ್ದೆ.” ಅದಕ್ಕೇ ಅವನು ಯಾರನ್ನೂ ಕೇಳಿರಲಿಲ್ಲ. ಮುದುಕನ ಬಗೆಗೆ ಬರೆದ ಸಾಲು ಅವನ ನೆನಪಿನಲ್ಲೂ ಇರಲಿಲ್ಲ.

ಹೆಸರಿಲ್ಲದ ಶಿಕ್ಷೆಯ ಕ್ರೌರ್ಯ ನನಗೆ ತಿಳಿದದ್ದು ಆಗ. ಹೊಡೆದವನು ಕಂಡರೆ ಹೊಡೆಸಿಕೊಂಡವನು ಅವನನ್ನು ಬೈದಾನು, ಜಗಳವಾಡ್ಯಾನು, ಮರೆತಾನು. ಹೊಡೆದವನು ಕಾಣದಿದ್ದರೆ ಅವನು ತಪ್ಪನ್ನು ತನ್ನಲ್ಲಿಯೇ ಹುಡುಕತೊಡಗುತ್ತಾನೆ. ಲೋಕವೆಲ್ಲ ಕೂಡಿ ಹೊಡೆಯಿತೆಂದು ತಿಳಿಯುತ್ತಾನೆ. ನನ್ನ ಒಂದು ಗಳಿಗೆಯ ಸಿಟ್ಟು ಅವನ ಪಾಲಿಗೆ ಗೆಳೆಯರೆಲ್ಲರ ತಿರಸ್ಕಾರವಾಯಿತು.

ಮೊಮ್ಮಗ ಈಗ ಗೋಡೆಯ ಪಟ್ಟಿಯ ಕೆಳಗೆ ಮೂರು ಸಾಲು ಸೇರಿಸಿದ್ದಾನೆ. ಕರಿಯ ಪರದೆಯಿಂದ ಯಾರನ್ನೂ ಹೊರಹಾಕಬಾರದು. ಆಟದೊಳಗೆ ತನ್ನ ಹೆಸರಿನಿಂದಲೇ ಹೊಕ್ಕು ಹಾಕಬೇಕು. ಕಾರಣವನ್ನು ಕೈಯಾರೆ ಬರೆಯಬೇಕು. ಮರುದಿನ ಇನ್ನೊಬ್ಬ ಗೆಳೆಯ ಅದನ್ನು ಓದಿ ಒಪ್ಪಬೇಕು. ಇವು ಸಣ್ಣ ನಿಯಮಗಳು. ಮನಸ್ಸು ಮಾಡಿದರೆ ಯಾರಾದರೂ ಮುರಿಯಬಹುದು. ಆದರೆ ಮುರಿಯುವವನಿಗೆ ತಾನು ಮುರಿಯುತ್ತಿದ್ದೇನೆಂಬುದಾದರೂ ಗೊತ್ತಾಗುತ್ತದೆ.

ಕಾವಲಿನ ಕೆಲಸ ಈಗಲೂ ಆಗಾಗ ನನ್ನ ಪಾಲಿಗೆ ಬರುತ್ತದೆ. ಕರೆಂಟು ಹೋದಾಗ ನಾನು ಮೊದಲಿನಂತೆ ನೇರವಾಗಿ ‘ಸ್ಟಾಪ್’ ಹೊಡೆಯುವುದಿಲ್ಲ. ‘ಸೇ’ ಎಂಬ ಆಜ್ಞೆಯೊಂದಿದೆ. ಅದರ ಮುಂದೆ ಬರೆದದ್ದು ಆ ಲೋಕದಲ್ಲಿರುವವರೆಲ್ಲರಿಗೂ ಕಾಣುತ್ತದೆ. ಐದು ನಿಮಿಷದಲ್ಲಿ ಬಂದ್ ಮಾಡುತ್ತೇನೆ, ಕೈಯಲ್ಲಿದ್ದ ಕೆಲಸ ಮುಗಿಸಿಕೊಳ್ಳಿರಿ ಎಂದು ಬರೆಯುತ್ತೇನೆ. ಯಂತ್ರ ಆ ಸಾಲಿನ ಹಿಂದೆ ತನ್ನ ರೂಢಿಯಂತೆ ‘ಸರ್ವರ್’ ಎಂದು ಹಾಕುತ್ತದೆ. ಹಾಕಲಿ. ಸಾಲಿನ ಕೊನೆಗೆ ನಾನು ‘ಅಜ್ಜ’ ಎಂದು ಬರೆದು, ಆಮೇಲೆ ಎಂಟರ್ ಒತ್ತುತ್ತೇನೆ.