ಹಗ್ಗ ಹಿಡಿದ ಕೈ

ಕಳೆದ ತಿಂಗಳ ಒಂದು ಭಾನುವಾರ ಬಲಿಪೂಜೆ ಮುಗಿದು ಎಲ್ಲರೂ ಅಂಗಳದಲ್ಲಿ ನಿಂತು ಮಾತಾಡುತ್ತಿದ್ದಾಗ, ಎರಡು ತಿಂಗಳ ಕೂಸಿನ ತಾಯಿಯೊಬ್ಬಳು ನಮ್ಮ ಬಳಿ ಬಂದಳು. ಕೂಸು ರಾತ್ರಿ ಮಲಗುವುದಿಲ್ಲವಂತೆ. ಹಾಸಿಗೆಗೆ ಬೆನ್ನು ತಾಗಿದೊಡನೆ ಇರುವೆ ಕಚ್ಚಿದಂತೆ ಚೀರುತ್ತದಂತೆ. ಅಕ್ಕಲಕೋಟೆಯಿಂದ ಬಂದ ಅತ್ತೆ ತಮ್ಮ ಹಳೆಯ ಸೀರೆಯೊಂದನ್ನು ಮೇಲಿನ ಕೊಂಡಿಗೆ ಕಟ್ಟಿ ಜೋಳಿಗೆ ಮಾಡಿಕೊಟ್ಟಿದ್ದಾರೆ. ಅದರಲ್ಲಿ ಹಾಕಿ ನಾಲ್ಕು ಸಲ ತೂಗಿದರೆ ಕಣ್ಣು ಮುಚ್ಚುತ್ತದೆ. ಆದರೆ ಮಕ್ಕಳ ಡಾಕ್ಟರು ಜೋಳಿಗೆ ಬೇಡ ಎಂದಿದ್ದಾರೆ. "ಇದು ಪಾಪ ಏನ್ರಿ? ನನಗ ನಿದ್ದಿ ಬೇಕಂತ ಕೂಸಿಗೆ ಮೋಸ ಮಾಡ್ಲಿಕತ್ತೇನಿ ಅನಸ್ತದ" ಎಂದಳು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು.

ನಾವಿಬ್ಬರೂ ಇದೇ ಸೊಲ್ಲಾಪುರದಲ್ಲಿ ಮೂರು ಮಕ್ಕಳನ್ನು ಬೆಳೆಸಿದವರು. ಮೂವರೂ ಜೋಳಿಗೆಯಲ್ಲೇ ಮಲಗಿದವರು. ಆದರೂ ಆ ಹೊತ್ತಿಗೆ ಸರಿಯಾದ ಉತ್ತರ ಬಾಯಿಗೆ ಬರಲಿಲ್ಲ. "ಪಾಪ ಎಂಥಾದ್ದವ್ವಾ" ಎಂದು ಬೆನ್ನು ತಟ್ಟಿ ಕಳಿಸಿದೆವು. ಮನೆಗೆ ಬಂದ ಮೇಲೆ ಆ ಮಾತು ನಮ್ಮನ್ನು ಬಿಡಲಿಲ್ಲ. ಅವಳ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳಿದ್ದವು. ಜೋಳಿಗೆ ಕೂಸಿಗೆ ಕ್ಷೇಮವೋ ಅಲ್ಲವೋ ಎಂಬುದು ಒಂದು. ಕೂಸನ್ನು ಮಲಗಿಸುವುದು ಯಾರಿಗಾಗಿ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಡಾಕ್ಟರ ಬಳಿ ಉತ್ತರವಿದೆ. ಎರಡನೆಯದನ್ನು ನಾವೇ ಕೂತು ಯೋಚಿಸಬೇಕಾಯಿತು.

ಜೋಳಿಗೆ ನಮ್ಮ ಸೀಮೆಗೆ ಹೊಸದಲ್ಲ. ನಾವು ಜೋಳಿಗೆ ಎಂದರೆ ಪಕ್ಕದ ಮರಾಠಿಯವರು ಝೋಳಿ ಎನ್ನುತ್ತಾರೆ, ಆಚೆ ಓಣಿಯ ತೆಲುಗು ನೇಕಾರರು ಉಯ್ಯಾಲ ಎನ್ನುತ್ತಾರೆ. ಬೇಸಿಗೆಯ ರಾತ್ರಿ ಬಾಗಿಲು ತೆರೆದಿಟ್ಟಿದ್ದರೆ ಒಂದು ಮನೆಯಿಂದ ಜೋಗುಳ, ಒಂದು ಮನೆಯಿಂದ ಅಂಗಾಈ, ಇನ್ನೊಂದು ಮನೆಯಿಂದ ಲಾಲಿ ಕೇಳಿಬರುತ್ತದೆ. (2009ರಲ್ಲಿ ಜರ್ಮನಿಯ ಸಂಶೋಧಕರು ಹುಟ್ಟಿ ಕೆಲವೇ ದಿನವಾದ ಕೂಸುಗಳ ಅಳುವನ್ನು ಧ್ವನಿಮುದ್ರಿಸಿ, ಫ್ರೆಂಚ್ ತಾಯಂದಿರ ಕೂಸುಗಳು ರಾಗ ಏರಿಸಿ ಅಳುತ್ತವೆ, ಜರ್ಮನ್ ತಾಯಂದಿರ ಕೂಸುಗಳು ಇಳಿಸಿ ಅಳುತ್ತವೆ ಎಂದು ಕಂಡುಕೊಂಡರು. ಹಾಗಾದರೆ ಶಾಲೆಯಲ್ಲಿ ಮರಾಠಿ ಕಲಿಯುವ ನಮ್ಮ ಮಕ್ಕಳು ಮೊದಲು ಅತ್ತದ್ದಾದರೂ ಕನ್ನಡದಲ್ಲಿರಬಹುದು.) ಚಾದರಕ್ಕೆ ಹೆಸರಾದ ಊರಿನಲ್ಲಿದ್ದರೂ ಕೂಸಿಗೆ ಚಾದರ ಕಟ್ಟುವುದಿಲ್ಲ. ಅದು ದಪ್ಪ, ಸೆಕೆ. ನೂರು ಸಲ ಒಗೆದು ಮೆತ್ತಗಾದ ನೂಲಿನ ಸೀರೆಯೇ ಬೇಕು. ಅದರಲ್ಲಿ ಮನೆಯವರ ವಾಸನೆಯಿರುತ್ತದೆ.

ತೂಗಿದರೆ ನಿದ್ದೆ ಬರುವುದು ಸುಳ್ಳಲ್ಲ. ಒಂಬತ್ತು ತಿಂಗಳು ತಾಯಿ ನಡೆದಂತೆಲ್ಲ ತೂಗಿಸಿಕೊಂಡ ಜೀವ ಅದು. ಹಗಲು ರಾತ್ರಿಯ ಭೇದ ಕೂಸಿಗೆ ತಿಳಿಯುವುದಕ್ಕೇ ಎರಡು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಅದು ಹಟ ಮಾಡುತ್ತಿದೆ ಎನ್ನುವುದು ತಪ್ಪು. ಜಿನೀವಾದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೊಡ್ಡವರು ಕೂಡ ಮೆಲ್ಲಗೆ ತೂಗುವ ಮಂಚದಲ್ಲಿ ಬೇಗ ಮತ್ತು ಗಾಢವಾಗಿ ಮಲಗಿದರು. ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಎಸ್.ಟಿ. ಬಸ್ಸಿನಲ್ಲಿ ಹೋಗುವ ಯಾರಿಗಾದರೂ ಇದು ಗೊತ್ತಿರುವ ಸಂಗತಿಯೇ.

ಆದರೆ ಡಾಕ್ಟರು ಹೇಳಿದ್ದೂ ಸರಿ. ಜೋಳಿಗೆಯ ಬಟ್ಟೆ ನಡುವೆ ಕುಗ್ಗುತ್ತದೆ. ಕೂಸಿನ ಗದ್ದ ಎದೆಗೆ ಒತ್ತಿದರೆ ಉಸಿರಿನ ದಾರಿ ಕಿರಿದಾಗುತ್ತದೆ. ಎಳೆಯ ಕೂಸಿಗೆ ತಲೆ ಎತ್ತಿ ಸರಿಮಾಡಿಕೊಳ್ಳುವ ಶಕ್ತಿ ಇರುವುದಿಲ್ಲ. ಮುಖದ ಮೇಲೆ ಬಟ್ಟೆ ಮುಚ್ಚಬಹುದು. ಹೊರಳಲು ಕಲಿತ ಮೇಲೆ ಬೀಳಬಹುದು. ಸೀರೆಯ ಜೋಳಿಗೆಯನ್ನು ಆಟವೆಂದು ತಿರುಚಿ ಸುತ್ತುವ ದೊಡ್ಡ ಮಕ್ಕಳ ಕೊರಳಿಗೆ ಅದೇ ಉರುಲಾದ ದುರಂತಗಳು ನಮ್ಮ ದೇಶದಲ್ಲಿ ನಡೆದಿವೆ. ಕೂಸು ಅಂಗಾತ, ಸಮವಾದ ಗಟ್ಟಿ ಹಾಸಿಗೆಯ ಮೇಲೆ ಮಲಗಬೇಕೆಂದು ಮಕ್ಕಳ ಡಾಕ್ಟರುಗಳು ಹೇಳುವುದು ಇದಕ್ಕೇ. ಹಾಗಾದರೆ ನಡುರಾತ್ರಿ ಏನು ಮಾಡಬೇಕು? ಜಪಾನಿನ ಸಂಶೋಧಕರು 2022ರಲ್ಲಿ ಒಂದು ದಾರಿ ತೋರಿಸಿದರು. ಅಳುವ ಕೂಸನ್ನು ಎತ್ತಿಕೊಂಡು ಐದು ನಿಮಿಷ ನಿಲ್ಲದೆ ನಡೆಯಬೇಕು. ಅದು ಮಲಗಿದ ಮೇಲೆ ತಕ್ಷಣ ಇಳಿಸದೆ ಐದರಿಂದ ಎಂಟು ನಿಮಿಷ ಎತ್ತಿಕೊಂಡೇ ಕೂತಿದ್ದು, ಆಮೇಲೆ ಹಾಸಿಗೆಗೆ ಹಾಕಬೇಕು. ಬೇಗ ಇಳಿಸಿದರೆ ಎಚ್ಚರವಾಗುತ್ತದೆ. ಆ ಎಂಟು ನಿಮಿಷ ನಡುರಾತ್ರಿಯಲ್ಲಿ ಎಷ್ಟು ಉದ್ದವೆಂದು ಸಂಶೋಧಕರು ಬರೆದಂತಿಲ್ಲ.

ಈಗ ಎರಡನೆಯ ಪ್ರಶ್ನೆ. ತನಗೆ ನಿದ್ದೆ ಬೇಕೆಂದು ಬಯಸುವುದು ತಾಯಿಯ ತಪ್ಪೇ? ಯೇಸುಸ್ವಾಮಿಯೇ ದಿನವಿಡೀ ಜನರ ನಡುವೆ ದಣಿದು, ದೋಣಿಯ ಹಿಂಭಾಗದಲ್ಲಿ ದಿಂಬಿಗೆ ತಲೆಯಿಟ್ಟು ಮಲಗಿದರೆಂದು ಮಾರ್ಕನ ಶುಭಸಂದೇಶ ಹೇಳುತ್ತದೆ. ಅದೂ ಬಿರುಗಾಳಿಗೆ ತೂಗಾಡುವ ದೋಣಿ. ನಿದ್ದೆ ದೇಹದ ಹಕ್ಕು. ಅದನ್ನು ಕೇಳುವ ತಾಯಿ ಸ್ವಾರ್ಥಿಯಲ್ಲ. ಆದರೆ ಕೂಸಿಗೆ ನಿದ್ದೆ ಕೊಡುವುದೂ ಕೂಸಿನ ಬಾಯಿ ಮುಚ್ಚಿಸುವುದೂ ಒಂದೇ ಅಲ್ಲ. ಹೊರಗಿನಿಂದ ನೋಡಿದರೆ ಮಾತ್ರ ಎರಡೂ ಒಂದೇ ರೀತಿ ಕಾಣುತ್ತವೆ. ಎರಡರಲ್ಲೂ ಕೂಸು ಸುಮ್ಮನಿರುತ್ತದೆ.

ನಮ್ಮ ಹಿರಿಯರ ಕಾಲದ ಒಂದು ಸಂಗತಿ ಇಲ್ಲಿ ಹೇಳಲೇಬೇಕು. 1920ರ ದಶಕದ ಆರಂಭದಲ್ಲಿ ಮುಂಬಯಿ ಸರಕಾರ ಬಟ್ಟೆ ಗಿರಣಿಗಳ ಹೆಂಗಸರ ಹೆರಿಗೆ ಬಾಣಂತನದ ಸ್ಥಿತಿ ತಿಳಿಯಲು ಡಾ. ಬಾರ್ನ್ಸ್ ಎಂಬ ವೈದ್ಯೆಯನ್ನು ನೇಮಿಸಿತ್ತು. ಗಿರಣಿಗೆ ಹೋಗುವ ತಾಯಂದಿರು ಕೂಸುಗಳಿಗೆ ಅಫೀಮು ಬೆರೆಸಿದ ಗುಳಿಗೆ ಕೊಡುವುದು ಮನೆಮನೆಯ ರೂಢಿಯಾಗಿದೆಯೆಂದು ಆಕೆ ವರದಿ ಮಾಡಿದರು. ಅದಕ್ಕೆ ಬಾಳಗೋಳಿ ಎಂದು ಮುದ್ದಿನ ಹೆಸರೂ ಇತ್ತು. ಕೂಸು ಇಡೀ ಪಾಳಿ ಅಳದೆ ಬಿದ್ದಿರುತ್ತಿತ್ತು. ಹಸಿವಾದರೂ ಏಳುತ್ತಿರಲಿಲ್ಲ, ಹಾಲಿಗೂ ಚೀರುತ್ತಿರಲಿಲ್ಲ. ಆ ತಾಯಂದಿರನ್ನು ದೂರುವುದು ಸುಲಭ. ಆದರೆ ಕೂಸನ್ನು ನೋಡುವವರಿಲ್ಲದ ಖೋಲಿ, ಹತ್ತು ತಾಸಿನ ಪಾಳಿ, ಬಿಟ್ಟರೆ ಹೋಗುವ ಕೂಲಿ. ಇವನ್ನೆಲ್ಲ ಅವರು ಆರಿಸಿಕೊಂಡಿರಲಿಲ್ಲ. ಕೂಸನ್ನೂ ಚಿವುಟಿ ತೊಟ್ಟಿಲನ್ನೂ ತೂಗುವುದು ಎಂಬ ಗಾದೆಯುಂಟು. ಅಲ್ಲಿ ಚಿವುಟಿದವರು ಬೇರೆ, ತೂಗಬೇಕಾದವಳು ಬೇರೆ. ಮುಂಬಯಿ ಪ್ರಾಂತದಲ್ಲಿ ಹೆರಿಗೆ ಭತ್ಯೆಯ ಕಾಯ್ದೆ ಬಂದದ್ದು 1929ರಲ್ಲಿ.

ಸೊಲ್ಲಾಪುರವೂ ಗಿರಣಿಗಳ ಊರೇ. ಇಲ್ಲಿಯ ಹಳೆ ಗಿರಣಿ 1877ರಲ್ಲಿ ಶುರುವಾಯಿತು. ಗಿರಣಿಗಳು ಮುಚ್ಚಿದ ಮೇಲೆ ಎಷ್ಟೋ ಮನೆಗಳನ್ನು ನಡೆಸಿದ್ದು ಹೆಂಗಸರ ಬೀಡಿ. ಅಕ್ಕಲಕೋಟೆ ರಸ್ತೆಯ ಕುಂಭಾರಿಯಲ್ಲಿ ಬೀಡಿ ಕಟ್ಟುವ ಹೆಂಗಸರಿಗಾಗಿ ಕಟ್ಟಿದ ಹತ್ತು ಸಾವಿರ ಮನೆಗಳ ವಸಾಹತು, 2006ರಲ್ಲಿ ಉದ್ಘಾಟನೆಯಾದದ್ದು, ಎಲ್ಲರಿಗೂ ಗೊತ್ತು. ಮನೆಯೊಳಗೆ ಕೂತು ಬೀಡಿ ಕಟ್ಟುವವಳ ಜೋಳಿಗೆಯನ್ನು ನಾವು ನೋಡಿದ್ದೇವೆ. ಹಗ್ಗದ ತುದಿ ಕಾಲಿನ ಹೆಬ್ಬೆರಳಿಗೆ ಕಟ್ಟಿರುತ್ತದೆ. ಕೈ ಎಲೆ ಸುತ್ತುತ್ತದೆ, ಕಾಲು ಕೂಸು ತೂಗುತ್ತದೆ, ಸಾವಿರ ಬೀಡಿಗೆ ಇಷ್ಟು ಎಂದು ಕೂಲಿ. ತಂಬಾಕಿನ ಧೂಳು ಕೂಸಿನ ಮೂಗಿಗೂ ಹೋಗುತ್ತದೆ. 1948ರ ಕಾರ್ಖಾನೆ ಕಾಯ್ದೆ ಹೆಂಗಸರು ದುಡಿಯುವ ದೊಡ್ಡ ಕಾರ್ಖಾನೆಗಳಲ್ಲಿ ಕೂಸುಗಳಿಗೊಂದು ಕೋಣೆ ಇರಬೇಕೆಂದಿತು. ಮನೆಯೇ ಕಾರ್ಖಾನೆಯಾದವಳಿಗೆ ಆ ಕೋಣೆ ಎಲ್ಲಿಂದ ಬರಬೇಕು?

ಈಗ ಅಫೀಮು ಯಾರೂ ಕೊಡುವುದಿಲ್ಲ ಎಂದು ನಾವು ನೆಮ್ಮದಿಯಿಂದಿರುವಂತಿಲ್ಲ. ಪ್ರಯಾಣದ ದಿನ ನೆಗಡಿಯ ಸಿರಪ್ ಒಂದು ಚಮಚ ಹಾಕಿದರೆ ಕೂಸು ಮಲಗಿಬಿಡುತ್ತದೆ ಎಂಬ ಸಲಹೆ ನಮಗೂ ಬಂದಿತ್ತು, ಓದಿದವರಿಂದಲೇ. ಇನ್ನು ಮೊಬೈಲಿನ ವಿಷಯ ಬಿಡಿ. ಗುಂಡಿ ಒತ್ತಿದರೆ ತಾನೇ ತೂಗುವ ವಿದ್ಯುತ್ ತೊಟ್ಟಿಲನ್ನು ನಾವು ಇವುಗಳ ಸಾಲಿಗೆ ಸೇರಿಸುವುದಿಲ್ಲ. ಒಬ್ಬಳೇ ಇರುವ ತಾಯಿಗೆ ಊಟ ಮಾಡಲು ಹತ್ತು ನಿಮಿಷ ಸಿಕ್ಕರೆ ಸಿಗಲಿ. ಆದರೆ ಯಂತ್ರಕ್ಕೆ ಕೂಸಿನ ಉಸಿರು ಕೇಳಿಸುವುದಿಲ್ಲ. ಸೀರೆಯ ಜೋಳಿಗೆಯಲ್ಲಿ ಒಂದು ಒಳ್ಳೆಯತನವಿದ್ದರೆ ಅದು ಇದೇ: ಅದು ತಾನಾಗಿ ತೂಗುವುದಿಲ್ಲ. ಹಗ್ಗದ ಇನ್ನೊಂದು ತುದಿಯಲ್ಲಿ ಎಚ್ಚರವಿರುವ ಒಬ್ಬರು ಬೇಕು. ಆ ಒಬ್ಬರು ಇರುವವರೆಗೆ ಜೋಳಿಗೆ ಮೋಸವಲ್ಲ. ಅವರೂ ಮಲಗಿಬಿಟ್ಟರೆ ಅದು ಅಪಾಯ. ಡಾಕ್ಟರ ಮಾತನ್ನೂ ಅತ್ತೆಯ ಸೀರೆಯನ್ನೂ ಒಟ್ಟಿಗಿಟ್ಟು ನೋಡಿದಾಗ ನಮಗೆ ತೋಚಿದ್ದು ಇಷ್ಟು.

ಹಾಗಾದರೆ ಆ ಒಬ್ಬರು ಯಾವಾಗಲೂ ತಾಯಿಯೇ ಏಕಾಗಬೇಕು?

ಸಮುವೇಲನ ಮೊದಲನೆಯ ಗ್ರಂಥದಲ್ಲಿ ರಾತ್ರಿ ನಿದ್ದೆಗೆಟ್ಟ ಬಾಲಕನೊಬ್ಬನ ಕಥೆಯಿದೆ. ಬಾಲಕ ಸಮುವೇಲ ತನ್ನನ್ನು ಯಾರೋ ಕರೆದರೆಂದು ಎದ್ದು ಮುದುಕ ಏಲಿಯ ಬಳಿ ಓಡುತ್ತಾನೆ. ಏಲಿ ಕರೆದಿರಲಿಲ್ಲ. ಹೋಗಿ ಮಲಗಿಕೋ ಎನ್ನುತ್ತಾನೆ. ಇನ್ನೊಮ್ಮೆ ಹಾಗೇ ಆಗುತ್ತದೆ. ಮೂರನೆಯ ಸಲವೂ ಹುಡುಗ ಬಂದು ನಿಲ್ಲುತ್ತಾನೆ. ಈ ಓದನ್ನು ಕೇಳುವಾಗ ನಾವು ದೇವರ ಕರೆಯನ್ನಷ್ಟೇ ಗಮನಿಸುತ್ತೇವೆ. ಒಂದೇ ರಾತ್ರಿ ಮೂರು ಸಲ ನಿದ್ದೆಯಿಂದ ಎಬ್ಬಿಸಿಕೊಂಡ ಆ ಮುದುಕನನ್ನು ಗಮನಿಸುವುದು ಕಡಿಮೆ. ಕಣ್ಣು ಮಂಜಾದವನು, ತನ್ನ ಸ್ವಂತ ಗಂಡುಮಕ್ಕಳನ್ನು ದಾರಿಗೆ ತರಲಾರದೆ ಸೋತವನು. ಒಳ್ಳೆಯ ತಂದೆಯೆಂದು ಅವನನ್ನು ಹೊಗಳುವಂತಿಲ್ಲ. ಹುಡುಗನೂ ಅವನ ರಕ್ತ ಸಂಬಂಧಿಯಲ್ಲ, ಹನ್ನಳು ತಂದು ಬಿಟ್ಟುಹೋದ ಮಗು. ಆದರೂ ಅವನು ಗದರಲಿಲ್ಲ. ಮೂರನೆಯ ಸಲ ಅವನಿಗೆ ಹೊಳೆಯಿತು: ಹುಡುಗನಿಗೆ ಕೇಳಿಸುತ್ತಿರುವುದು ದೇವರ ಧ್ವನಿ. ಮೊದಲ ಸಲವೇ ಬೈದು ಅಟ್ಟಿದ್ದರೆ ಸಮುವೇಲ ಎರಡನೆಯ ಸಲ ಬರುತ್ತಿರಲಿಲ್ಲವೇನೋ.

ಸಂತ ಜೋಸೆಫರನ್ನೂ ನೆನೆಯೋಣ. ದಿವಂಗತ ಪೋಪ್ ಫ್ರಾನ್ಸಿಸರು 2015ರ ಜನವರಿಯಲ್ಲಿ ಮನಿಲಾದ ಕುಟುಂಬಗಳೊಡನೆ ಮಾತಾಡುತ್ತ, ತಮ್ಮ ಮೇಜಿನ ಮೇಲೆ ಮಲಗಿರುವ ಸಂತ ಜೋಸೆಫರ ಮೂರ್ತಿಯಿದೆಯೆಂದೂ, ತೊಂದರೆ ಬಂದಾಗ ಚೀಟಿ ಬರೆದು ಅದರ ಕೆಳಗೆ ಇಡುತ್ತೇನೆಂದೂ ಹೇಳಿದ್ದರು. ಆ ಮೇಲೆ ಆ ಮೂರ್ತಿ ನಮ್ಮ ಕಡೆಯ ಮನೆಗಳಿಗೂ ಬಂತು. ಗಂಡಸರಿಗೆ ಆ ಭಕ್ತಿ ಬಹಳ ಹಿಡಿಸಿದೆ, ಮಲಗಿರುವ ಸಂತರಲ್ಲವೇ! ಮತ್ತಾಯನು ಹೇಳುವುದು ಮಲಗಿದ್ದನ್ನಷ್ಟೇ ಅಲ್ಲ. ಜೋಸೆಫರು ಎದ್ದರು, ರಾತ್ರಿಯಲ್ಲೇ ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಹೊರಟರು. ನಮ್ಮಿಬ್ಬರಲ್ಲಿ ಒಬ್ಬರು ಮೊದಲ ಮಗುವಿನ ಆರು ತಿಂಗಳು ಎದ್ದ ರಾತ್ರಿಗಳನ್ನು ಕೈಬೆರಳಲ್ಲಿ ಎಣಿಸಬಹುದು. ಬೆಳಿಗ್ಗೆ ಕೆಲಸಕ್ಕೆ ಹೋಗಬೇಕು ಎಂಬ ಕಾರಣವಿತ್ತು. ಇನ್ನೊಬ್ಬರಿಗೂ ಬೆಳಿಗ್ಗೆ ಕೆಲಸವಿತ್ತು, ಅದು ಮನೆಯಲ್ಲೇ ಇದ್ದುದರಿಂದ ಲೆಕ್ಕಕ್ಕೆ ಬರಲಿಲ್ಲ. ಮೂರನೆಯ ಮಗುವಿನ ಹೊತ್ತಿಗೆ ಹಗ್ಗ ಕೈ ಬದಲಾಯಿಸಿತು. ತಡವಾಗಿ.

ಒಂದು ಮಾತು ತಾಯಂದಿರಿಗೆ. ಎರಡು ವಾರ ನಿದ್ದೆಯಿಲ್ಲದವಳಿಗೆ ಕೂಸಿನ ಮೇಲೆ ಸಿಟ್ಟು ಬಂದರೆ ಅವಳು ಕೆಟ್ಟ ತಾಯಿಯಲ್ಲ. ಸಿಟ್ಟು ಕೈಗೆ ಇಳಿಯುತ್ತಿದೆ ಅನಿಸಿದರೆ ಕೂಸನ್ನು ಸಮತಟ್ಟಾದ ಜಾಗದಲ್ಲಿ ಅಂಗಾತ ಮಲಗಿಸಿ, ಆಚೆ ಕೋಣೆಗೆ ಹೋಗಿ ನೀರು ಕುಡಿದು ಬನ್ನಿ. ಐದು ನಿಮಿಷ ಅತ್ತರೆ ಕೂಸಿಗೆ ಏನೂ ಆಗುವುದಿಲ್ಲ. ಸಿಟ್ಟಿನಲ್ಲಿ ಹಿಡಿದು ಅಲುಗಾಡಿಸಿದರೆ ಮಿದುಳಿಗೇ ಪೆಟ್ಟಾಗಬಹುದು. ಕೂಸು ಮಲಗಿದ ಮೇಲೂ ನಿಮಗೆ ನಿದ್ದೆ ಬಾರದಿದ್ದರೆ, ಸುಮ್ಮನೆ ಅಳು ಬರುತ್ತಿದ್ದರೆ, ಅದನ್ನು ಗುರುಗಳಿಗೆ ಪಾಪನಿವೇದನೆಯಲ್ಲಿ ಹೇಳುವ ಮೊದಲು ಡಾಕ್ಟರಿಗೆ ಹೇಳಿ. ಅದು ಕಾಯಿಲೆ, ಅದಕ್ಕೆ ಔಷಧವಿದೆ. ಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದವರು ಬೇಕಾದರೆ ಪಾಪನಿವೇದನೆಗೆ ಹೋಗಲಿ.

ಇದನ್ನೆಲ್ಲ ಆ ತಾಯಿಗೂ ಅವಳ ಗಂಡನಿಗೂ ಹೇಳಿದೆವು. ರಾತ್ರಿ ಒಂದು ಗಂಟೆಯವರೆಗೆ ಅವನು, ಆಮೇಲೆ ಅವಳು, ಬೆಳಗಿನ ಜಾವ ಅತ್ತೆ ಎಂದು ಅವರೇ ಪಾಳಿ ಮಾಡಿಕೊಂಡರು, ಗಿರಣಿಯ ಹಾಗೆ. ಜೋಳಿಗೆಯಲ್ಲಿ ಕಣ್ಣು ಮುಚ್ಚಿದ ಮೇಲೆ ಕೂಸನ್ನು ಹಾಸಿಗೆಗೆ ಹಾಕುತ್ತಾರಂತೆ. ಅರ್ಧ ಸಲ ಎದ್ದೇಳುತ್ತದಂತೆ.

ಹೋದ ಭಾನುವಾರ ಪ್ರಬೋಧನೆಯ ಹೊತ್ತಿಗೆ ಅವಳು ಬೆಂಚಿನ ಮೇಲೆ ಕೂತಲ್ಲೇ ತಲೆ ವಾಲಿಸಿ ಮಲಗಿಬಿಟ್ಟಳು. ಕೂಸು ಪೂರಾ ಎಚ್ಚರವಾಗಿ ಫ್ಯಾನು ನೋಡುತ್ತಿತ್ತು. ಪಕ್ಕದಲ್ಲಿದ್ದ ಮರಾಠಿ ಅಜ್ಜಿಯೊಬ್ಬರು ಮೆಲ್ಲಗೆ ಕೂಸನ್ನು ತಮ್ಮ ಹೆಗಲಿಗೆ ಹಾಕಿಕೊಂಡು ಹಿಂದಿನ ಬಾಗಿಲ ಹತ್ತಿರ ಹೋಗಿ ನಿಂತರು. ವಿಶ್ವಾಸ ಪ್ರಮಾಣಕ್ಕೆ ನಾವೆಲ್ಲ ಎದ್ದು ನಿಂತಾಗಲೂ ಅವಳನ್ನು ಯಾರೂ ಎಬ್ಬಿಸಲಿಲ್ಲ.