ಅತಿಥಿಯ ಆನಂದ, ಆತಿಥೇಯನ ಧರ್ಮ

ಹಣ ತೆತ್ತು ಒಳಬಂದವನೂ ಅತಿಥಿಯೆ ಎಂಬ ಪ್ರಶ್ನೆ, 2005ರಿಂದ ಬಿಡದಿಯ ಬಳಿ ನಡೆಯುತ್ತಿರುವ ವಂಡರ್‌ಲಾದಂಥ ವಿನೋದೋದ್ಯಾನಗಳ ದ್ವಾರದಲ್ಲಿ ಅಜ್ಜಿಯ ಕೈಹಿಡಿದ ಮೊಮ್ಮಗುವೂ ಅವರ ಹಿಂದೆ ತಂದೆತಾಯಿಗಳೂ ಉತ್ಸುಕರಾಗಿ ಒಳಹೊಗುವುದನ್ನು ನೋಡುವವನ ಮನಸ್ಸಿನಲ್ಲಿ ಸಹಜವಾಗಿ ಏಳುತ್ತದೆ. ಅದಕ್ಕಿಂತ ಆಳವಾದದ್ದು ಇನ್ನೊಂದು: ಒಬ್ಬನು ಮತ್ತೊಬ್ಬನಿಗೆ ಆನಂದವನ್ನು ಕೊಡಬಲ್ಲನೆ? ಅನ್ನವನ್ನು ಬಡಿಸಬಹುದು, ಆಸನವನ್ನು ನೀಡಬಹುದು, ಬಿಸಿಲಿನಲ್ಲಿ ಬಂದವರಿಗೆ ನೆರಳನ್ನು ಕಲ್ಪಿಸಬಹುದು. ಆದರೆ ಅದ್ವೈತಿಗಳು ಹೇಳುವಂತೆ ಆನಂದವು ಆತ್ಮನ ಸ್ವರೂಪವೇ ಆಗಿದ್ದ ಪಕ್ಷದಲ್ಲಿ, ಅದನ್ನು ಹೊರಗಿನಿಂದ ತಂದು ತುಂಬುವ ಸಾಮರ್ಥ್ಯ ಯಾವ ಆತಿಥೇಯನಿಗೂ ಇರಲಾರದು. ಅದು ಪ್ರಕಾಶಿಸುವುದಕ್ಕೆ ಇರತಕ್ಕ ಅಡ್ಡಿಗಳನ್ನು ತೆಗೆಯುವುದೊಂದೇ ಅವನ ಪಾಲಿನ ಕಾರ್ಯವೆಂದು ನಾನು ನಂಬಿದ್ದೇನೆ.

ಭರತಮುನಿಯ ನಾಟ್ಯಶಾಸ್ತ್ರದ ಮೊದಲ ಅಧ್ಯಾಯದಲ್ಲಿ, ಪ್ರಪ್ರಥಮ ನಾಟ್ಯಪ್ರಯೋಗವನ್ನು ಅಸುರರೂ ವಿಘ್ನಗಳೂ ಕೆಡಿಸತೊಡಗಿದಾಗ ವಿಶ್ವಕರ್ಮನು ನಾಟ್ಯಗೃಹವನ್ನು ನಿರ್ಮಿಸಿದನೆಂದೂ ಅದರ ಬೇರೆ ಬೇರೆ ಭಾಗಗಳ ರಕ್ಷಣೆಗೆ ದೇವತೆಗಳನ್ನು ನಿಯೋಜಿಸಲಾಯಿತೆಂದೂ ಹೇಳಿದೆ. ಅದಕ್ಕೆ ವ್ಯಾಖ್ಯಾನ ಬರೆದ ಅಭಿನವಗುಪ್ತನು ರಸಾಸ್ವಾದದ ವಿಘ್ನಗಳು ಏಳೆಂದು ಎಣಿಸಿ, ಪ್ರೇಕ್ಷಕನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿರುವುದನ್ನೂ ಅವುಗಳಲ್ಲಿ ಸೇರಿಸಿದ್ದಾನೆ. ಎತ್ತರದಿಂದ ಧುಮುಕುವ ರೋಲರ್ ಕೋಸ್ಟರಿನಲ್ಲಿ ಕುಳಿತವನು ಕಿರುಚುತ್ತಲೂ ನಗಬಲ್ಲನಾದರೆ, ಅದು ಹೊರಡುವ ಮುನ್ನ ಅವನ ಮಡಿಲ ಮೇಲಿನ ಕಂಬಿಯನ್ನು ಕೈಯಿಂದ ಎಳೆದು ಪರೀಕ್ಷಿಸಿ ಹೋದ ನೌಕರನಲ್ಲಿ ಅವನಿಟ್ಟ ವಿಶ್ವಾಸದ ಫಲ. ಆ ವಿಶ್ವಾಸ ತಪ್ಪಿತೆಂದರೆ ಭಯವು ರಸವಾಗದೆ ಬರಿಯ ಭಯವಾಗಿಯೇ ನಿಲ್ಲುತ್ತದೆ. 1955ರಲ್ಲಿ ಕ್ಯಾಲಿಫೋರ್ನಿಯಾದ ಅನಹೈಮಿನಲ್ಲಿ ತೆರೆದ ಡಿಸ್ನಿಲ್ಯಾಂಡು ತನ್ನ ನೌಕರರಿಗೆ ಬಹುಕಾಲ ಬೋಧಿಸಿದ ನಾಲ್ಕು ನಿಯಮಗಳಲ್ಲಿ ಸುರಕ್ಷತೆ ಮೊದಲನೆಯದು, ಸೌಜನ್ಯ ಎರಡನೆಯದು, ಪ್ರದರ್ಶನ ಮೂರನೆಯದು. ಕಾರ್ಯದಕ್ಷತೆಗೆ ಕಡೆಯ ಸ್ಥಾನ. ಲಾಭಕ್ಕಾಗಿ ನಡೆಯುವ ಸಂಸ್ಥೆಯೊಂದು ದಕ್ಷತೆಯನ್ನು ಸೌಜನ್ಯಕ್ಕಿಂತ ಕೆಳಗಿರಿಸಿದ್ದು ಗೌರವಾರ್ಹವಾದ ವಿವೇಕ.

ಆದರೂ ಇಂಥ ಸ್ಥಳಗಳಲ್ಲಿ ಅತಿಥಿಯನ್ನು ಹೆಚ್ಚಾಗಿ ಬಾಧಿಸುವುದು ಅಪಾಯವಲ್ಲ, ಕಾಯುವಿಕೆ. ಕಠೋಪನಿಷತ್ತಿನ ನಚಿಕೇತನು ಯಮನ ಮನೆಯಲ್ಲಿ ಮೂರು ರಾತ್ರಿ ಅನ್ನವಿಲ್ಲದೆ ಕಾದನಷ್ಟೆ. ಹಿಂದಿರುಗಿದ ಯಮನು, ಸಕಲ ಪ್ರಾಣಿಗಳಿಗೂ ಅಂತಕನಾದ ತಾನು ಒಬ್ಬ ಹುಡುಗನಿಗೆ ಉತ್ತರ ಹೇಳಬೇಕಾದದ್ದಿಲ್ಲವೆಂದು ಭಾವಿಸದೆ, ನಮಸ್ಕರಿಸಿ, ರಾತ್ರಿಗೊಂದರಂತೆ ಮೂರು ವರಗಳನ್ನಿತ್ತನು. ಕಾಯಿಸಿದವನು ಋಣಿ ಎಂಬ ಈ ಭಾವನೆ ಸರದಿಯ ಸಾಲನ್ನು ನಡೆಸುವವರಲ್ಲಿ ಹುಟ್ಟಿದರೆ ಎಷ್ಟೋ ಕೆಲಸವಾದಂತೆಯೇ. ಡೇವಿಡ್ ಮೇಸ್ಟರ್ ಎಂಬ ವಿದ್ವಾಂಸರು 1985ರಲ್ಲಿ ಬರೆದ ಪ್ರಬಂಧವೊಂದರಲ್ಲಿ, ಎಷ್ಟು ಹೊತ್ತೆಂದು ತಿಳಿಯದ, ಕಾರಣ ಹೇಳದ, ಅನ್ಯಾಯವೆಂದು ತೋರುವ ಕಾಯುವಿಕೆ ಗಡಿಯಾರದ ಕಾಲಕ್ಕಿಂತ ದೀರ್ಘವಾಗಿ ಭಾಸವಾಗುವುದೆಂದು ಪ್ರತಿಪಾದಿಸಿದ್ದಾರೆ. ಆದಕಾರಣ ಸಾಲು ಕರಗದಿದ್ದರೂ, ಕಾರಣವನ್ನು ತಿಳಿಸಿ, ಮುದುಕರಿಗೆ ಕುಳಿತುಕೊಳ್ಳಲು ಒಂದು ಬೆಂಚನ್ನೂ ಕುಡಿಯಲು ನೀರನ್ನೂ ಒದಗಿಸುವುದು ಆತಿಥ್ಯವೇ ಸರಿ.

ಅದೇ ನಚಿಕೇತನು ಮುಂದೆ ಯಮನು ಒಡ್ಡಿದ ರಥ, ವಾದ್ಯ, ಸುಂದರಿಯರನ್ನೆಲ್ಲ ನಶ್ವರವೆಂದು ತಿರಸ್ಕರಿಸಲಿಲ್ಲವೆ, ವಿನೋದಸ್ಥಾನಕ್ಕೆ ಅವನನ್ನು ಕರೆತರುವುದು ಉಚಿತವೆ ಎಂದು ಯಾರಾದರೂ ಕೇಳಿಯಾರು. ಆಕ್ಷೇಪ ಬಲವಾದದ್ದು. ಆದರೆ ಯಮನು ಕ್ಷಮೆ ಬೇಡಿದ್ದು ಅತಿಥಿಯ ಅಪೇಕ್ಷೆ ಎಂಥದೆಂದು ತಿಳಿಯುವುದಕ್ಕೆ ಮೊದಲೇ. ಬಂದವನು ಮೋಕ್ಷವನ್ನು ಅರಸಲಿ ಜಾರುಬಂಡೆಯನ್ನು ಅರಸಲಿ, ಬಾಗಿಲಿನ ಧರ್ಮ ಒಂದೇ. ಟಿಕೆಟ್ಟಿನ ಹಣ ಯಂತ್ರ ತಿರುಗಿದ್ದಕ್ಕೆ ಸಲ್ಲುತ್ತದೆ, ಆದರಕ್ಕೆ ಬೆಲೆಯಾಗಲಾರದು. ನಚಿಕೇತನ ತಿರಸ್ಕಾರ ನೇರವಾಗಿ ತಟ್ಟುವುದು, ಮಗುವಿನ ಕೈಗೆ ಬಹುಮಾನದ ಚೀಟಿಗಳನ್ನು ಸುರಿದು ಇನ್ನಷ್ಟು, ಇನ್ನಷ್ಟು ಎಂಬ ತೃಷ್ಣೆಯನ್ನು ಕೆರಳಿಸುವ ಆಟದ ಯಂತ್ರಗಳಿಗೆ. ಅವು ಅಡ್ಡಿಯನ್ನು ತೆಗೆಯುವುದಿಲ್ಲ, ಹೊಸದೊಂದನ್ನು ಕಟ್ಟುತ್ತವೆ. ನನ್ನ ಮಾತು ನಡೆಯುವುದಾದರೆ ಸಂಸಾರವಂದಿಗರ ವಿನೋದಗೃಹದಲ್ಲಿ ಅವಕ್ಕೆ ಎಡೆಯಿರದು.

ಅತ್ಯಂತ ಕಠಿನವಾದ ಪರೀಕ್ಷೆ, ಬಯಸಿದ್ದನ್ನು ಕೊಡಲಾಗದ ಅತಿಥಿಯದು. ಎತ್ತರದ ಗುರುತಿಗೆ ಎರಡು ಬೆರಳು ಕಡಮೆಯಾದ ಮಗುವನ್ನು ಆಟಕ್ಕೆ ಹತ್ತಿಸಕೂಡದು. ಅಲ್ಲಿ ಕರುಣೆ ತೋರಿ ಕಣ್ಣು ಮುಚ್ಚುವವನು ರಕ್ಷಣೆಗೆ ನಿಂತ ದೇವತೆಗೇ ದ್ರೋಹ ಬಗೆದಂತೆ. ಆದರೆ ನೌಕರನು ಬಾಗಿ, ತಂದೆಯೊಡನೆ ಮಾತ್ರವೇ ಮಾತನಾಡಿ ಮುಗಿಸದೆ ಮಗುವಿಗೂ ಕಾರಣವನ್ನು ತಿಳಿಯಹೇಳಿ, ಅದು ಆಡಬಹುದಾದ ಆಟಕ್ಕೆ ದಾರಿ ತೋರಿಸಬಹುದು. ಅಳತೆಯ ಕೋಲನ್ನು ಸಾಲಿನ ಕೊನೆಯಲ್ಲಿ ನಿಲ್ಲಿಸದೆ ಆರಂಭದಲ್ಲಿಯೇ ನಿಲ್ಲಿಸಿದರೆ, ಅಷ್ಟು ಹೊತ್ತು ಕಾದು ನಿಂತ ಮೇಲೆ ಎಲ್ಲರೆದುರಿಗೆ ಹಿಂದಿರುಗುವ ದುಃಖವಾದರೂ ಆ ಮಗುವಿಗೆ ತಪ್ಪೀತು.